ಒಸ್ತಿಯಾದಲ್ಲಿ ಒಬ್ಬ ಟ್ಯಾಲಿ ಕ್ಲರ್ಕ್

ವಿಮಾನ ರೋಮ್‌ಗೆ ಇಳಿಯುವ ಹೊತ್ತು. ಕಿಟಕಿ ಸೀಟು ನನ್ನದು. ಕೆಳಗೆ ಒಂದು ಕೆರೆ ಕಂಡಿತು. ಆರು ಮೂಲೆ, ಆರೂ ಬದಿ ಸಮ, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ. "ಯಾರೋ ಸಿಗಡಿ ಸಾಕ್ತಾ ಇದ್ದಾರೆ ನೋಡು" ಅಂದೆ ಹೆಂಡತಿಗೆ. ಅವಳು ಬಗ್ಗಿ ನೋಡುವಷ್ಟರಲ್ಲಿ ಕೆರೆ ರೆಕ್ಕೆಯ ಅಡಿಗೆ ಹೋಗಿಯಾಗಿತ್ತು.

ಅದು ಸಿಗಡಿ ಕೆರೆ ಅಲ್ಲ ಅಂತ ಗೊತ್ತಾಗಲಿಕ್ಕೆ ಹತ್ತು ದಿನ ಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಂಗಳೂರಿನವನು. 1983ರಿಂದ 38 ವರ್ಷ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ದುಡಿದವನು. ಸೇರಿದ್ದು ಟ್ಯಾಲಿ ಕ್ಲರ್ಕ್ ಆಗಿ. ಅಂದರೆ ಹಡಗಿನಿಂದ ಇಳಿಯುವ, ಹಡಗಿಗೆ ಏರುವ ಚೀಲಗಳನ್ನು ನಿಂತು ಎಣಿಸುವ ಕೆಲಸ. ನಾಲ್ಕು ಗೀಟು, ಐದನೆಯದಕ್ಕೆ ಅಡ್ಡ ಗೀಟು. ಹಗಲು ಪಾಳಿ, ರಾತ್ರಿ ಪಾಳಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಾಗದ. ಆಮೇಲೆ ಬಡ್ತಿ ಸಿಕ್ಕಿ ಕುರ್ಚಿಯಲ್ಲಿ ಕೂತೆ. ಆದರೂ ಎಲ್ಲಿ ಚೀಲ ಹೊರುವವರನ್ನು ಕಂಡರೂ ಮನಸ್ಸು ತನ್ನಷ್ಟಕ್ಕೆ ಎಣಿಸಲು ಶುರು ಮಾಡುತ್ತದೆ. ಇದು ವಾಸಿಯಾಗುವ ಕಾಯಿಲೆ ಅಲ್ಲ.

ಮಗ ಈಗ ರೋಮ್‌ನಲ್ಲಿ ಕೆಲಸದಲ್ಲಿದ್ದಾನೆ. ನಮ್ಮನ್ನು ಏಪ್ರಿಲ್‌ನಲ್ಲಿ ಕರೆಸಿಕೊಂಡ. ಮೊದಲ ವಾರ ಎಲ್ಲರೂ ನೋಡುವುದನ್ನೇ ನೋಡಿದೆವು. ಕಲೋಸಿಯಂ ದೊಡ್ಡದು ಉಂಟು. ಅದರ ಬಗ್ಗೆ ಬರೆಯಲಿಕ್ಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಅದನ್ನು ನೋಡುವಾಗ ಹೊಳೆದದ್ದು ಒಂದೇ ಪ್ರಶ್ನೆ. ಇಷ್ಟು ಜನ ಒಟ್ಟಿಗೆ ಕೂತು ಆಟ ನೋಡುತ್ತಿದ್ದರಲ್ಲ, ಇವರಿಗೆಲ್ಲ ಊಟಕ್ಕೆ ಎಲ್ಲಿಂದ ಬರುತ್ತಿತ್ತು? "ಬಂದರು ಎಲ್ಲಿ?" ಅಂತ ಮಗನನ್ನು ಕೇಳಿದೆ. "ಒಸ್ತಿಯಾ ಅಂತ ಇದೆ ಅಪ್ಪ, ಟ್ರೈನಿನಲ್ಲಿ ಅರ್ಧ ಗಂಟೆ. ನೀವೇ ಹೋಗಿ ಬನ್ನಿ" ಅಂದ.

ಹೋದೆವು. ಸೋಮವಾರ ಹೋದೆವು. ಸೋಮವಾರ ಅಲ್ಲಿ ರಜೆ. ನೋಡಿಕೊಂಡು ಹೊರಡಬೇಕಿತ್ತು, ನನ್ನದೇ ತಪ್ಪು. ಮುಚ್ಚಿದ ಗೇಟಿನ ಮುಂದೆ ನಿಂತು ಹೆಂಡತಿ ಏನೂ ಹೇಳಲಿಲ್ಲ. 35 ವರ್ಷ ಸಂಸಾರ ಮಾಡಿದವರಿಗೆ ಆ ಏನೂ ಹೇಳದಿರುವುದು ಏನು ಅಂತ ಗೊತ್ತಿರುತ್ತದೆ.

ಆದರೆ ಆ ಸೋಮವಾರ ದಂಡವಾಗಲಿಲ್ಲ. ಗೇಟಿನ ಎದುರು ರಸ್ತೆ ದಾಟಿದರೆ ಒಂದು ಪುಟ್ಟ ಹಳ್ಳಿ, ಅದಕ್ಕೆ ತಾಗಿ ಇಟ್ಟಿಗೆಯ ಕೋಟೆ. ಕೋಟೆ ಅಷ್ಟೇನೂ ಹಳೆಯದಲ್ಲ, 15ನೇ ಶತಮಾನದ್ದು. ಆಗ ಅದರ ಬುಡದಲ್ಲೇ ಟೈಬರ್ ನದಿ ಹರಿಯುತ್ತಿತ್ತು. ರೋಮ್‌ಗೆ ಹೋಗುವ ದೋಣಿಗಳು ಅಲ್ಲಿ ನಿಂತು ಸುಂಕ ಕಟ್ಟಬೇಕಿತ್ತು. 1557ರಲ್ಲಿ ದೊಡ್ಡ ನೆರೆ ಬಂತು. ನದಿ ತನ್ನ ತಿರುವನ್ನೇ ಬಿಟ್ಟು ಬೇರೆ ಕಡೆಯಿಂದ ಹರಿಯಿತು. ಕೋಟೆ ಒಣನೆಲದಲ್ಲಿ ಉಳಿಯಿತು. ಯೋಚನೆ ಮಾಡಿ, ಕಸ್ಟಮ್ಸ್ ಆಫೀಸು ಇದ್ದಲ್ಲೇ ಉಂಟು, ನದಿಯೇ ವರ್ಗವಾಗಿ ಹೋಗಿದೆ! ನಾನು ಅಲ್ಲೇ ಬೆಂಚಿನ ಮೇಲೆ ಕೂತು ನಕ್ಕೆ. ಬದುಕಿಡೀ ಕಸ್ಟಮ್ಸ್ ಕೌಂಟರಿನ ಮುಂದೆ ಕಾದವನಿಗೆ ಮಾತ್ರ ಸಿಗುವ ನಗು ಅದು.

ಬುಧವಾರ ಮತ್ತೆ ಹೋದೆವು. ಈ ಸಲ ಚಪಾತಿ ಸುತ್ತಿ ಕಟ್ಟಿಕೊಂಡು, ಜೊತೆಗೆ ಊರಿನಿಂದ ತಂದ ಮಿಡಿ ಉಪ್ಪಿನಕಾಯಿ.

ಹೆಸರಿನಿಂದಲೇ ಶುರು ಮಾಡುತ್ತೇನೆ. ಒಸ್ತಿಯಾ ಅನ್ನುವುದು ಲ್ಯಾಟಿನ್‌ನಲ್ಲಿ ಬಾಯಿ ಎಂಬ ಮಾತಿನಿಂದ ಬಂದದ್ದು. ನದಿಯ ಬಾಯಿ. ನಮ್ಮ ಮೀನುಗಾರರು ಹೇಳುವ ಅಳಿವೆಬಾಗಿಲು ಇದೆಯಲ್ಲ, ಅದೇ. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿ ಸಮುದ್ರಕ್ಕೆ ಬೀಳುವ ಜಾಗ. ಅಲ್ಲಿ ಮರಳು ದಿಬ್ಬ ಎದ್ದು ದೋಣಿ ಮಗುಚುವ ಸುದ್ದಿ ನಮಗೆ ಹೊಸತಲ್ಲ. ಟೈಬರ್ ನದಿಯದೂ ಅದೇ ಚಾಳಿ. ಹೂಳು ತಂದು ತಂದು ಬಾಯಿಗೆ ಸುರಿಯುವುದು.

ಹಾಗಾಗಿ ದೊಡ್ಡ ಹಡಗುಗಳು ಒಸ್ತಿಯಾದ ಒಳಗೆ ಬರುತ್ತಿರಲಿಲ್ಲ. ಸ್ಟ್ರಾಬೋ ಅಂತ ಒಬ್ಬ ಗ್ರೀಕ್ ಪಂಡಿತ 2000 ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಹಡಗು ಹೊರಗೆ ಲಂಗರು ಹಾಕುತ್ತದೆ, ಸಣ್ಣ ದೋಣಿಗಳು ಹೋಗಿ ಸರಕು ಇಳಿಸಿಕೊಂಡು ಬರುತ್ತವೆ ಅಂತ. ಇದನ್ನು ಓದಿದಾಗ ನನಗೆ ಅಪ್ಪನ ನೆನಪಾಯಿತು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದರು. ನಮ್ಮ ಹಳೆ ಬಂದರಿನ ಕಥೆಯೂ ಅದೇ ಅಲ್ವಾ? ಹಡಗು ದೂರದಲ್ಲಿ ನಿಲ್ಲುವುದು, ಹಂಚು ದೋಣಿಯಲ್ಲಿ ಹೋಗುವುದು, ಮಳೆಗಾಲ ಬಂತೆಂದರೆ ಬಂದರು ಬಾಗಿಲು ಹಾಕುವುದು. ಹಂಚು ಒಡೆದರೆ ಲೆಕ್ಕ ಅಪ್ಪನ ತಲೆಗೆ.

ಹಂಚು ಅಂದದ್ದಕ್ಕೆ ಇನ್ನೊಂದು ಹೇಳಲೇಬೇಕು. ಒಸ್ತಿಯಾ ಪೂರ್ತಿ ಇಟ್ಟಿಗೆಯ ಊರು. ಮೇಲಿನ ಅಮೃತಶಿಲೆಯನ್ನೆಲ್ಲ ನಡುವಿನ ಕಾಲದಲ್ಲಿ ಕಿತ್ತುಕೊಂಡು ಹೋದರು, ಇಟ್ಟಿಗೆ ಉಳಿಯಿತು. ತೆಳ್ಳಗೆ, ಕೆಂಪಗೆ, ಸಾಲುಸಾಲಾಗಿ. ಆ ಕಾಲದ ಇಟ್ಟಿಗೆಗಳಲ್ಲಿ ಎಷ್ಟೋ ಕಡೆ ಮುದ್ರೆ ಒತ್ತಿದ್ದಾರೆ. ಗೂಡಿನ ಮಾಲೀಕರ ಹೆಸರು, ಕೆಲವದರಲ್ಲಿ ಆ ವರ್ಷದ ಅಧಿಕಾರಿಗಳ ಹೆಸರು. ಅದನ್ನು ಓದಿಯೇ ಯಾವ ಕಟ್ಟಡ ಯಾವ ವರ್ಷದ್ದು ಅಂತ ಲೆಕ್ಕ ಹಾಕುತ್ತಾರೆ. ಮಾಲೀಕರಲ್ಲಿ ಹೆಂಗಸರೂ ಇದ್ದರು. ಮಾರ್ಕಸ್ ಅರೀಲಿಯಸ್ ಚಕ್ರವರ್ತಿಯ ತಾಯಿ ಡೊಮಿಟಿಯಾ ಲೂಸಿಲ್ಲಾಗೆ ಇಟ್ಟಿಗೆಯದ್ದೇ ದೊಡ್ಡ ಕಾರುಬಾರು. ನಮ್ಮ ಮನೆಯ ಹಂಚು ತಿರುಗಿಸಿದರೂ ಹಿಂದೆ ಕಾರ್ಖಾನೆಯ ಹೆಸರು ಇರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ನಡೆದುಬಂದ ಪದ್ಧತಿ. ಮುಂದೆ ಯಾರಾದರೂ ಮಂಗಳೂರನ್ನು ಅಗೆದರೆ ಅವರಿಗೂ ಕೆಲಸ ಸುಲಭ.

ಒಳಗೆ ಹೋದರೆ ಒಂದೇ ನೇರ ರಸ್ತೆ. ದೊಡ್ಡ ದೊಡ್ಡ ಕಪ್ಪು ಕಲ್ಲು ಹಾಸಿದ್ದು. ನಡೆಯಲಿಕ್ಕೆ ಕಷ್ಟ, ಮೊಣಕಾಲು ನೋವು ಇರುವವರು ಗಟ್ಟಿ ಬೂಟು ಹಾಕಿ. ಕೊಡೆಯ ಹಾಗೆ ಬಿಚ್ಚಿದ ಪೈನ್ ಮರಗಳು ಅಲ್ಲಲ್ಲಿ ನೆರಳು ಕೊಡುತ್ತವೆ. ಬಲಕ್ಕೆ ಒಂದು ಸ್ನಾನಗೃಹ. ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿದರೆ ನೆಲದ ತುಂಬ ಕಪ್ಪು ಬಿಳುಪು ಕಲ್ಲಿನ ಚಿತ್ರ. ಸಮುದ್ರದೇವ ನೆಪ್ಟ್ಯೂನ್ ನಾಲ್ಕು ಕುದುರೆ ಹೂಡಿಕೊಂಡು ಹೋಗುತ್ತಿದ್ದಾನೆ. ಕುದುರೆಗಳಿಗೆ ಹಿಂಭಾಗ ಮೀನಿನದು. ಎಲ್ಲರೂ ಅಲ್ಲಿ ನಿಂತು ಫೋಟೋ ಹೊಡೆಯುತ್ತಾರೆ. ನಾವೂ ಹೊಡೆದೆವು.

ಅದರ ಆಚೆ ನಾಟಕಶಾಲೆ. ಮೂರು ನಾಲ್ಕು ಸಾವಿರ ಜನ ಕೂರುವಂಥದ್ದು, ಈಗಲೂ ಬೇಸಗೆಯಲ್ಲಿ ಆಟ ಆಗುತ್ತದಂತೆ. ಚಪಾತಿ ತಿಂದದ್ದು ಅದರ ಮೆಟ್ಟಿಲ ಮೇಲೆ. ಮಿಡಿಯ ವಾಸನೆಗೆ ಪಕ್ಕದಲ್ಲಿದ್ದ ಶಾಲೆ ಮಕ್ಕಳ ಗುಂಪು ತಿರುಗಿ ನೋಡಿತು.

ನಾಟಕಶಾಲೆಯ ಹಿಂದೆ ಒಂದು ಚೌಕ. ನಡುವೆ ದೇವಸ್ಥಾನದ ಕುರುಹು, ಮೂರು ಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಟ್ಟು 60ರಷ್ಟು. ಗೋಡೆ ಉಳಿದದ್ದು ಅಷ್ಟರಲ್ಲೇ. ಆದರೆ ಹೆಚ್ಚಿನ ಕೋಣೆಗಳ ಮುಂದಿನ ನೆಲದಲ್ಲಿ ಕಪ್ಪು ಬಿಳುಪು ಚಿತ್ರ, ಕೆಲವಕ್ಕೆ ಅಕ್ಷರ. ನಾನು ಅಲ್ಲಿಗೆ ಹೋಗಿ ಐದು ನಿಮಿಷದಲ್ಲಿ ಹೆಂಡತಿಗೆ ಹೇಳಿದೆ, "ಇದು ನಮ್ಮ ಆಫೀಸು." ಅವಳು ಅಂದಳು, "ಎಂತ ಮಾರಾಯ್ರೆ, ಇಲ್ಲಿಗೆ ಬಂದೂ ಆಫೀಸಾ?"

ಆದರೆ ಹೌದು. ಒಂದರ ಮುಂದೆ ಕಲಿಯಾರಿಯ ಹಡಗಿನವರು ಮತ್ತು ವ್ಯಾಪಾರಿಗಳು ಅಂತ ಬರೆದಿದೆ. ಅದು ಸಾರ್ಡೀನಿಯಾ ದ್ವೀಪದ ಊರು. ಇನ್ನೊಂದು ನಾರ್ಬೋನಿನವರದು, ಈಗಿನ ಫ್ರಾನ್ಸಿನಲ್ಲಿ. ಒಂದು ಕಾರ್ತೇಜಿನವರದು, ಈಗಿನ ಟ್ಯುನೀಷಿಯಾದಲ್ಲಿ. ಸಬ್ರಾತಾದವರ ಕೋಣೆಯ ಮುಂದೆ ಒಂದು ಆನೆ! ಸಬ್ರಾತಾ ಇರುವುದು ಈಗಿನ ಲಿಬಿಯಾದಲ್ಲಿ. ಸಣ್ಣ ಸೊಂಡಿಲು, ಗಟ್ಟಿ ಕಾಲು, ಪಾಪದ ಆನೆ. ಒಂದು ಕಡೆ ದೀಪಸ್ತಂಭ, ಒಂದು ಕಡೆ ಎರಡು ಹಡಗು. ನಾರು ಮತ್ತು ಹಗ್ಗದವರಿಗೂ ಒಂದು ಕೋಣೆ ಉಂಟು. ನಮ್ಮಲ್ಲಾದರೆ ಕತ್ತದ ಹಗ್ಗದ ಮಂಡಿ. ಚರ್ಮದವರಿಗೂ ಒಂದು. ಒಂದು ಚಿತ್ರದಲ್ಲಿ ಹಮಾಲಿಯೊಬ್ಬ ಹೆಗಲ ಮೇಲೆ ಮಣ್ಣಿನ ಜಾಡಿ ಹೊತ್ತು ಸಮುದ್ರದ ಹಡಗಿನಿಂದ ಹೊಳೆಯ ದೋಣಿಗೆ ದಾಟಿಸುತ್ತಿದ್ದಾನೆ. ಹೊಳೆಯ ದೋಣಿಯನ್ನು ಆಮೇಲೆ ದಡದಿಂದ ಹಗ್ಗ ಕಟ್ಟಿ ರೋಮ್‌ವರೆಗೆ ಎಳೆಯುತ್ತಿದ್ದರು.

ಇವು ಅಂಗಡಿಗಳೋ, ಆಫೀಸುಗಳೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆಯಂತೆ. ನನಗೆ ಅನುಮಾನವೇ ಇಲ್ಲ. ಅಂಗಡಿಗೆ ಇಷ್ಟು ಚಿಕ್ಕ ಕೋಣೆ ಸಾಲದು. ಒಂದು ಮೇಜು, ಒಬ್ಬ ರೈಟರ್, ಬಾಗಿಲಲ್ಲಿ ನಿಂತ ನಾಲ್ಕು ಜನ, "ನನ್ನ ಸರಕು ಯಾವಾಗ ಬರ್ತದೆ" ಎಂಬ ಜಗಳ. ಇಷ್ಟಕ್ಕೆ ಸರಿಯಾದ ಅಳತೆ. ಓದು ಬಾರದವನಿಗೂ ಆನೆಯ ಗುರುತು ಹೇಳಿದರೆ ಸಾಕು, ಬಂದು ಮುಟ್ಟುತ್ತಾನೆ.

ಈಗ ಆ ಆರು ಮೂಲೆಯ ಕೆರೆ. ಹಡಗು ಹೊರಗೆ ನಿಲ್ಲಿಸುವ ಕಷ್ಟ ನೋಡಿ ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಹೊಸ ಬಂದರಿಗೆ ಕೈ ಹಾಕಿದ. ಒಸ್ತಿಯಾದ ಉತ್ತರಕ್ಕೆ, ಕೆಲವೇ ಕಿಲೋಮೀಟರ್ ದೂರದಲ್ಲಿ. ಖರ್ಚು ಎಷ್ಟಾಗುತ್ತದೆ ಅಂತ ಎಂಜಿನಿಯರುಗಳನ್ನು ಕೇಳಿದನಂತೆ. ಅವರು ಲೆಕ್ಕ ಕೊಡುವ ಬದಲು "ಇದು ನಿಮಗೆ ಬೇಡ" ಅಂದರಂತೆ. ಆದರೂ ಬಿಡಲಿಲ್ಲ. ದೀಪಸ್ತಂಭದ ಅಡಿಪಾಯಕ್ಕೆ ಒಂದು ಭಾರೀ ಹಡಗನ್ನೇ ಮುಳುಗಿಸಿದ. ಅದು ಈಜಿಪ್ಟಿನಿಂದ ದೊಡ್ಡ ಕಲ್ಲಿನ ಕಂಬ ಹೊತ್ತು ತಂದಿದ್ದ ಹಡಗು. ಆ ಕಂಬ ಈಗ ವ್ಯಾಟಿಕನ್ನಿನ ಚೌಕದ ನಡುವೆ ನಿಂತಿದೆ. ಅದರ ಮುಂದೆ ನಮ್ಮಿಬ್ಬರ ಫೋಟೋ ಇದೆ, ಆಗ ಇದೆಲ್ಲ ಗೊತ್ತಿರಲಿಲ್ಲ.

ಆದರೆ ಕ್ಲಾಡಿಯಸ್‌ನ ಬಂದರು ಜಾಸ್ತಿ ಅಗಲ, ಗಾಳಿಗೆ ತೆರೆದದ್ದು. ಕ್ರಿ.ಶ. 62ರಲ್ಲಿ ಬಿರುಗಾಳಿ ಬಂದು ಬಂದರಿನ ಒಳಗೇ 200 ಹಡಗು ಹಾಳಾದವು. ಬಂದರಿನ ಒಳಗೆ! ಆ ಎಣಿಕೆ ಬರೆದವನ ಕೈ ನಡುಗಿರಬೇಕು. ಕೊನೆಗೆ ಟ್ರಾಜನ್ ಚಕ್ರವರ್ತಿ ಇನ್ನೂ ಒಳಗೆ ನೆಲ ಅಗೆಸಿ ಆರು ಮೂಲೆಯ ಕೊಳ ಮಾಡಿಸಿದ. ಒಂದೊಂದು ಬದಿ ಸುಮಾರು 350 ಮೀಟರ್. ಅದೇ ನಾನು ವಿಮಾನದಿಂದ ನೋಡಿದ ಸಿಗಡಿ ಕೆರೆ. ರೋಮ್‌ನ ವಿಮಾನ ನಿಲ್ದಾಣ ಇರುವುದು ಆ ಹಳೆ ಬಂದರಿನ ಮಗ್ಗುಲಲ್ಲೇ.

ಅಳಿವೆಯಲ್ಲಿ ಹಳೆ ಬಂದರು, ಉತ್ತರಕ್ಕೆ ನೆಲ ಅಗೆದು ಮಾಡಿದ ಹೊಸ ಬಂದರು. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಪಣಂಬೂರಿನ ಬಂದರು ಉದ್ಘಾಟಿಸಿದಾಗ ನಾನು ಹನ್ನೆರಡರ ಹುಡುಗ. ಅಪ್ಪ ಕರೆದುಕೊಂಡು ಹೋಗಿ ಜನರ ಹಿಂದೆ ನಿಲ್ಲಿಸಿದ್ದರು. ಏನೂ ಕಾಣಲಿಲ್ಲ. "ಇನ್ನು ಹಡಗು ಬಂದು ಗೋಡೆಗೆ ತಾಗಿ ನಿಲ್ತದೆ" ಅಂದರು ಅಪ್ಪ, ನಂಬಿಕೆ ಇಲ್ಲದವರ ಹಾಗೆ. ಹಳೆ ಬಂದರು ಅದರಿಂದ ಸಾಯಲಿಲ್ಲ. ಧಕ್ಕೆಯಲ್ಲಿ, ಅಂದರೆ ಅಲ್ಲಿನ ದೋಣಿಕಟ್ಟೆಯಲ್ಲಿ, ಮೀನು ಇಳಿಯುತ್ತದೆ, ಲಕ್ಷದ್ವೀಪಕ್ಕೆ ಮಂಜಿ ಎಂಬ ಸರಕಿನ ಹಡಗುಗಳು ಹೋಗುತ್ತವೆ. ಒಸ್ತಿಯಾ ಕೂಡ ಹೊಸ ಬಂದರು ಬಂದ ಕೂಡಲೇ ಸಾಯಲಿಲ್ಲ. ತಿರುಗಾ ಬೆಳೆಯಿತು. ಈಗ ನಾವು ನೋಡುವ ಇಟ್ಟಿಗೆಯ ಕಟ್ಟಡಗಳು ಹೆಚ್ಚಿನವು ಹೊಸ ಬಂದರು ಆದಮೇಲಿನವು. ಆಫೀಸಿನವರು ಬೇಗ ಜಾಗ ಬಿಡುವುದಿಲ್ಲ.

ಗೋದಾಮುಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಧಾನ್ಯದ ದೊಡ್ಡ ಗೋದಾಮಿನಲ್ಲಿ ನೆಲವನ್ನು ಸಣ್ಣ ಗೋಡೆಗಳ ಮೇಲೆ ಎತ್ತಿ ಕಟ್ಟಿದ್ದಾರೆ, ಕೆಳಗೆ ಗಾಳಿ ಆಡಲಿ, ತೇವ ಹಿಡಿಯದಿರಲಿ ಅಂತ. ಜುಲೈ ತಿಂಗಳಲ್ಲಿ ಗೇರುಬೀಜದ ಚೀಲಕ್ಕೆ ಬೂಷ್ಟು ಬಂದು ಪಾರ್ಟಿಯಿಂದ ಬೈಗುಳ ತಿಂದವನಿಗೆ ಇದರ ಬೆಲೆ ಗೊತ್ತು. ಇನ್ನೊಂದು ಗೋದಾಮು ಎಪಗಾಥಸ್, ಎಪಫ್ರೊಡಿಟಸ್ ಎಂಬ ಇಬ್ಬರದು. ಬಿಡುಗಡೆಯಾದ ಗುಲಾಮರು ಅವರು. ದುಡಿದು ಗೋದಾಮು ಕಟ್ಟಿ ಬಾಗಿಲ ಮೇಲೆ ಅಮೃತಶಿಲೆಯಲ್ಲಿ ಇಬ್ಬರ ಹೆಸರನ್ನೂ ಕೆತ್ತಿಸಿದ್ದಾರೆ. ಎರಡು ಕಂಬ, ಮೇಲೆ ತ್ರಿಕೋನ, ಒಳ್ಳೆ ದೇವಸ್ಥಾನದ ಬಾಗಿಲಿನ ಹಾಗೆ. ಪಾಲುದಾರಿಕೆ ಕೊನೆತನಕ ಚೆನ್ನಾಗಿತ್ತೋ ಏನೋ.

ಇಲ್ಲಿ ಒಂದು ಅಡ್ಡ ಮಾತು. ರೋಮ್‌ನವರಿಗೆ ನಮ್ಮ ಕಡಲತೀರದ ಕಾಳುಮೆಣಸಿನ ಹುಚ್ಚು. ಅದಕ್ಕೇ ಅಂತ ರೋಮ್ ನಗರದಲ್ಲಿ ಬೇರೆ ಗೋದಾಮು ಇತ್ತು. ಮೆಣಸು ಕೊಳ್ಳುವ ಮುಖ್ಯ ಜಾಗ ಕೇರಳದ ಮುಜಿರಿಸ್. ಅಲ್ಲಿಗೆ ಹೋಗುವವರಿಗೆ ಪ್ಲಿನಿ ಎಂಬ ಆ ಕಾಲದ ರೋಮನ್ ಲೇಖಕ ಎಚ್ಚರಿಕೆ ಬರೆದಿದ್ದಾನೆ. ಹತ್ತಿರದಲ್ಲಿ ನಿತ್ರಿಯಾಸ್ ಅಂತ ಜಾಗ ಉಂಟು, ಅಲ್ಲಿ ಕಡಲ್ಗಳ್ಳರು ಅಂತ. ನಿತ್ರಿಯಾಸ್ ಅಂದರೆ ನೇತ್ರಾವತಿ ಅಂತ ಹೇಳುವವರಿದ್ದಾರೆ. ರೋಮ್‌ನ ಪುಸ್ತಕದಲ್ಲಿ ನಮ್ಮೂರಿನ ಹೆಸರು ಬಂದದ್ದಕ್ಕೆ ಖುಷಿಪಡಬೇಕೋ, ಯಾವ ಕಾರಣಕ್ಕೆ ಬಂತು ಅಂತ ನಾಚಬೇಕೋ ತಿಳಿಯಲಿಲ್ಲ.

ಹೆಂಡತಿಗೆ ಇಷ್ಟವಾದದ್ದು ಹೋಟೆಲು. ಅಮೃತಶಿಲೆಯ ಕೌಂಟರ್, ಪಾತ್ರೆ ಜೋಡಿಸಲಿಕ್ಕೆ ಮೆಟ್ಟಿಲಿನಂಥ ಕಪಾಟು, ಗೋಡೆಯ ಮೇಲೆ ತಿನ್ನುವ ವಸ್ತುಗಳ ಚಿತ್ರ, ಹಿಂದೆ ಗಾಳಿಯಾಡುವ ಅಂಗಳ. ಕೌಂಟರಿನ ಹಿಂದೆ ನಿಂತು "ಏನು ಬೇಕು, ಬನ್ಸಾ?" ಅಂದಳು. ಸಾರ್ವಜನಿಕ ಪಾಯಿಖಾನೆಯೂ ಇದೆ. ಕಲ್ಲಿನ ಬೆಂಚಿಗೆ ಸಾಲಾಗಿ ತೂತು, ನಡುವೆ ಅಡ್ಡಗೋಡೆ ಇಲ್ಲ. ಅವಳು ಒಳಗೆ ಕಾಲಿಡಲಿಲ್ಲ.

ಹೊತ್ತು ಇಳಿಯುವಾಗ ನದಿಯ ಬಾಯಿಯ ಕಡೆಗೆ ಹೋಗುವ ಬೀದಿಯಲ್ಲಿದ್ದೆವು. ಅಲ್ಲಿ ಧಾನ್ಯ ಅಳೆಯುವವರ ಸಂಘದ ಕೋಣೆ. ನೆಲದಲ್ಲಿ ಚಿತ್ರ. ಒಬ್ಬ ಹೆಗಲ ಮೇಲೆ ಚೀಲ ಹೊತ್ತು ಬರುತ್ತಿದ್ದಾನೆ. ನಡುವೆ ಕೊಳಗದಂಥ ಪಾತ್ರೆ. ಒಬ್ಬನ ಕೈಯಲ್ಲಿ ಕೋಲು, ಮೇಲೆ ರಾಶಿ ನಿಂತ ಕಾಳನ್ನು ಸವರಿ ಅಂಚಿಗೆ ಸಮ ಮಾಡಲಿಕ್ಕೆ. ಮತ್ತೆ ಒಬ್ಬ ಚಿಕ್ಕ ಹುಡುಗ. ಅವನು ಹಿಡಿದಿರುವುದು ಲೆಕ್ಕದ ಕಡ್ಡಿಗಳು ಅನ್ನುತ್ತಾರೆ.

ನಾನು ಅಲ್ಲಿಂದ ಕದಲಲಿಲ್ಲ. ಅಜ್ಜಿಯ ಮನೆಯಲ್ಲಿ ಭತ್ತ ಅಳೆಯುವಾಗ ಒಂದು ಅಂತ ಹೇಳಬಾರದು. "ಲಾಭ" ಅಂತ ಶುರು ಮಾಡಿ ಆಮೇಲೆ ಎರಡು, ಮೂರು. ಎಣಿಸುವ ಕೆಲಸ ನನಗೆ ಮೊದಲು ಸಿಕ್ಕಿದ್ದು ಅಲ್ಲೇ, ಏಳೆಂಟು ವರ್ಷದವನಿದ್ದಾಗ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು, ಅಜ್ಜಿ ಮತ್ತೆ ಮೊದಲಿಂದ ಅಳೆಸುತ್ತಿದ್ದಳು. ಈ ಹುಡುಗನ ಹತ್ತಿರ ಯಾರೂ ಮಾತಾಡುತ್ತಿಲ್ಲ. ಮುಖ ಗಂಭೀರ. ಈ ಊರಿನಲ್ಲಿ ದೇವರ, ರಾಜರ, ಕುಸ್ತಿಯವರ ಚಿತ್ರ ಬೇಕಾದಷ್ಟು ನೋಡಿದ್ದೆ. ಎಣಿಸುವವನ ಚಿತ್ರ ಇದೇ ಮೊದಲು. ಮೂರು ಫೋಟೋ ತೆಗೆದೆ, ಎರಡರಲ್ಲಿ ನನ್ನ ನೆರಳು ಬಿದ್ದಿದೆ.

ಕೊನೆಯಲ್ಲಿ ಊರಿನ ತುದಿಗೆ ಹೋದೆವು. ಹಿಂದೆ ಕಡಲು ಅಲ್ಲೇ ಇತ್ತು. ಈಗ ಹುಲ್ಲು, ರಸ್ತೆ, ಕಾರು. ಸಮುದ್ರ ಸುಮಾರು 3 ಕಿ.ಮೀ. ಆಚೆ. "ಬಂದರು ನೋಡ್ಲಿಕ್ಕೆ ಕರ್ಕೊಂಡು ಬಂದು ನೀರೇ ತೋರಿಸಲಿಲ್ಲ ನೀವು" ಅಂದಳು ಹೆಂಡತಿ. ಹಾಗಾಗಿ ಮನೆಗೆ ಹೋಗುವ ಟ್ರೈನ್ ಬಿಟ್ಟು ಎದುರು ದಿಕ್ಕಿನದು ಹತ್ತಿದೆವು. ಕೆಲವೇ ನಿಮಿಷ, ಕಡಲು ಬಂತು. ಅಲೆ ಎಂಬುದು ಹೆಸರಿಗೆ ಮಾತ್ರ. ಪಣಂಬೂರು ನೋಡಿದವರಿಗೆ ಇದು ದೊಡ್ಡ ಕೆರೆ. ಮರಳು ಕಪ್ಪು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು, ನಾನು ದಡದಲ್ಲಿ ಕೂತು ನಮ್ಮ ಹಳೆ ಆಫೀಸಿನವರ ವಾಟ್ಸಾಪ್ ಗುಂಪಿಗೆ ಆ ಹುಡುಗನ ಫೋಟೋ ಹಾಕಿದೆ. "ನಮ್ಮ ಸೀನಿಯರ್, ರೋಮ್ ಬ್ರಾಂಚ್" ಅಂತ ಬರೆದೆ.

ಊರಿನಲ್ಲಿ ಆಗ ರಾತ್ರಿ ಒಂಬತ್ತೂವರೆ. ನನ್ನ ಜೊತೆಗೇ ರಾತ್ರಿ ಪಾಳಿ ಮಾಡುತ್ತಿದ್ದ, ಈಗ ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿರುವ ಗೆಳೆಯನಿಂದ ಎರಡೇ ನಿಮಿಷದಲ್ಲಿ ಉತ್ತರ ಬಂತು.

"ಒಂದು ಚೀಲ ಶಾರ್ಟ್ ಉಂಟು ಮಾರಾಯ. ಸೈನ್ ಹಾಕ್ಬೇಡ."